ಬೇಸ್‌ಬಾಲ್ ಸ್ವಿಂಗ್ ಚಿಕ್ಕದಾಗಲಿ, ಚುರುಕಾಗಲಿ: ಕ್ರಿಕೆಟ್‌ನಿಂದ ಬಂದ ಕೈಗಳಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡ ಕಡೆ ಬೇಸ್‌ಬಾಲ್ ಬ್ಯಾಟ್ ಹಿಡಿಯುವವರಲ್ಲಿ ಬಹಳಷ್ಟು ಜನ ಮೊದಲು ಟೆನಿಸ್ ಬಾಲ್ ಕ್ರಿಕೆಟ್ ಆಡಿದವರೇ. ಕಾಲೇಜಿಗೆ ಬಂದ ಮೇಲೆ ಪಿಇ ಸರ್ "ಟೀಮಿಗೆ ಒಬ್ಬ ಕಡಿಮಿ ಬಿದ್ದಾನ, ನಾಳೆ ಗ್ರೌಂಡಿಗೆ ಬಾ" ಅಂತ ಕರೆದಿರುತ್ತಾರೆ. ಕೈಯಲ್ಲಿ ತಾಕತ್ತು ಇರುತ್ತದೆ, ಕಣ್ಣೂ ಚುರುಕಾಗಿರುತ್ತದೆ. ಆದರೂ ಮೊದಲ ಪಂದ್ಯದಲ್ಲಿ ಮೂರು ಸಲ ಗಾಳಿಗೆ ಬೀಸಿ ವಾಪಸ್ ಬರುತ್ತಾರೆ. ಕೇಳಿದರೆ "ಬಾಲ್ ಭಾಳ ಜೋರ್ ಐತ್ರೀ ಸರ್" ಅನ್ನುತ್ತಾರೆ. ಬಾಲ್ ಜೋರಾಗಿ ಬರುವುದೇನೋ ನಿಜ. ಆದರೆ ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ: ಬ್ಯಾಟ್ ಊರೆಲ್ಲ ಸುತ್ತಿ ಬರುತ್ತಿರುತ್ತದೆ.

ಸ್ವಿಂಗ್, ಅಂದರೆ ಬ್ಯಾಟ್ ಬೀಸುವುದು, ಚುರುಕಾಗಬೇಕು ಅಂದ ಕೂಡಲೇ ಎಲ್ಲರೂ ಇನ್ನೂ ಜೋರಾಗಿ ಬೀಸಲು ಹೋಗುತ್ತಾರೆ. ಜೋರು ಮಾಡುವ ಮೊದಲು ದಾರಿ ಕಡಿಮೆ ಮಾಡಬೇಕು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕೇ. ಬಲಗೈ ಆಟಗಾರರನ್ನು ಇಟ್ಟುಕೊಂಡು ಬರೆದಿದ್ದೇನೆ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಮೊದಲು ಲೆಕ್ಕ ನೋಡೋಣ

ಪಿಚರ್, ಅಂದರೆ ಬಾಲ್ ಎಸೆಯುವವನು, ಕಾಲಿಡುವ ಪಟ್ಟಿಯಿಂದ ಬ್ಯಾಟರ್ ಪಕ್ಕದ ನೆಲದಲ್ಲಿರುವ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು, ಅಂದರೆ 18.44 ಮೀಟರ್. ಎಸೆಯುವಾಗ ಅವನು ಒಂದು ದೊಡ್ಡ ಹೆಜ್ಜೆ ಮುಂದೆ ಬರುತ್ತಾನೆ. ಹಾಗಾಗಿ ಬಾಲ್ ನಿಜಕ್ಕೂ ಸಾಗುವುದು ಸುಮಾರು 16.5 ಮೀಟರ್ ಅಷ್ಟೇ. ಗಂಟೆಗೆ 110 ಕಿಲೋಮೀಟರ್ ವೇಗದ ಬಾಲ್ ನಿಮ್ಮ ಹತ್ತಿರ ಬರಲು ಅರ್ಧ ಸೆಕೆಂಡಿಗಿಂತ ತುಸು ಜಾಸ್ತಿ ಹಿಡಿಯುತ್ತದೆ. ಅಮೆರಿಕದ ಮೇಜರ್ ಲೀಗ್‌ನಲ್ಲಿ ದಿನನಿತ್ಯ ಕಾಣುವ 145 ಕಿಲೋಮೀಟರ್ ವೇಗದ ಬಾಲಿಗೆ ಸುಮಾರು 0.4 ಸೆಕೆಂಡ್ ಸಾಕು. ಒಳ್ಳೆಯ ಬ್ಯಾಟರ್‌ನ ಸ್ವಿಂಗ್ ಶುರುವಾಗಿ ಬಾಲಿಗೆ ತಾಗುವವರೆಗೆ ಸುಮಾರು 0.15 ಸೆಕೆಂಡ್. ಉಳಿದಿದ್ದೇ ನೋಡಲು, ಯೋಚಿಸಲು ಸಿಗುವ ಸಮಯ.

ಸ್ವಿಂಗ್‌ನಲ್ಲಿ 0.02 ಸೆಕೆಂಡ್ ಉಳಿಸಿದರೆ ಏನು ಸಿಗುತ್ತದೆ? 110ರ ವೇಗದಲ್ಲಿ ಅಷ್ಟು ಹೊತ್ತಿಗೆ ಬಾಲ್ ಸುಮಾರು 60 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಬಾಲನ್ನು ಎರಡು ಅಡಿ ಜಾಸ್ತಿ ನೋಡಿ ಆಮೇಲೆ ತೀರ್ಮಾನ ಮಾಡಬಹುದು. ಕರ್ವ್ ಬಾಲ್ ತಿರುಗುವುದು ಕಣ್ಣಿಗೆ ಬೀಳುವುದು ಇಂಥ ಕೊನೆಯ ಅಡಿಗಳಲ್ಲೇ.

ಸಾಫ್ಟ್‌ಬಾಲ್ ಆಡುವ ಹುಡುಗಿಯರಿಗೂ ಇದೇ ಲೆಕ್ಕ. ಬಾಲ್ ದೊಡ್ಡದು, ವೇಗ ಕಡಿಮೆ, ಹಾಗಾಗಿ ಸುಲಭ ಅಂತ ಹಲವರು ಅಂದುಕೊಂಡಿದ್ದಾರೆ. ಆದರೆ ಅಲ್ಲಿ ಪಿಚರ್ ನಿಲ್ಲುವುದೇ 43 ಅಡಿ ದೂರದಲ್ಲಿ. 90 ಕಿಲೋಮೀಟರ್ ವೇಗದ ಸಾಫ್ಟ್‌ಬಾಲ್ ಅರ್ಧ ಸೆಕೆಂಡಿಗೂ ಮೊದಲೇ ಬಂದು ಮುಟ್ಟುತ್ತದೆ.

ಇನ್ನೊಂದು ವ್ಯತ್ಯಾಸ ಬ್ಯಾಟಿನದು. ಕ್ರಿಕೆಟ್ ಬ್ಯಾಟ್ ಚಪ್ಪಟೆ, ಅಗಲ 10.8 ಸೆಂಟಿಮೀಟರ್‌ವರೆಗೂ ಇರಬಹುದು. ಬೇಸ್‌ಬಾಲ್ ಬ್ಯಾಟ್ ದುಂಡಗೆ, ಅತಿ ದಪ್ಪ ಜಾಗದಲ್ಲೂ 6.6 ಸೆಂಟಿಮೀಟರ್ ದಾಟುವಂತಿಲ್ಲ. ಕ್ರಿಕೆಟ್‌ನಲ್ಲಿ ಅಂಚಿಗೆ ತಗುಲಿದರೂ ಒಮ್ಮೊಮ್ಮೆ ನಾಲ್ಕು ರನ್ ಬರುತ್ತದೆ. ಇಲ್ಲಿ ಅಂಚಿಗೆ ತಗುಲಿ ಕ್ಯಾಚರ್ (ಕೀಪರ್ ಹಾಗೆ ಹಿಂದೆ ಕೂರುವವನು) ಹಿಂದೆ ಹೋದ ಬಾಲಿಗೆ ರನ್ನೇ ಇಲ್ಲ, ಅದು ಫೌಲ್.

ಚಿಕ್ಕ ಸ್ವಿಂಗ್ ಅಂದರೆ ಮೆತ್ತನೆಯ ಸ್ವಿಂಗ್ ಅಲ್ಲ

ಬ್ಯಾಟಿನ ವೇಗ ಬೇರೆ, ಬ್ಯಾಟ್ ಬಾಲಿನ ಹತ್ತಿರ ಬೇಗ ಬರುವುದು ಬೇರೆ. ಮೇಜರ್ ಲೀಗ್ 2024ರಿಂದ ಪ್ರತಿ ಸ್ವಿಂಗ್‌ನ ವೇಗ ಮತ್ತು ಉದ್ದವನ್ನು ಅಳೆದು ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಅಲ್ಲಿ ಬ್ಯಾಟಿನ ಸರಾಸರಿ ವೇಗ ಗಂಟೆಗೆ ಸುಮಾರು 115 ಕಿಲೋಮೀಟರ್. ಜಿಯಾನ್‌ಕಾರ್ಲೊ ಸ್ಟ್ಯಾಂಟನ್ 130ರ ಹತ್ತಿರ ಬೀಸುತ್ತಾನೆ. ಲೂಯಿಸ್ ಅರಾಯೆಸ್ ಬೀಸುವುದು ಬರೀ 100ರ ಆಸುಪಾಸು. ಆದರೆ ಅವನ ಬ್ಯಾಟ್ ಸಾಗುವ ದಾರಿ ಸುಮಾರು 6 ಅಡಿ, ಲೀಗ್ ಸರಾಸರಿ 7 ಅಡಿಗೂ ಜಾಸ್ತಿ. ಈ ಅರಾಯೆಸ್ 2022, 2023, 2024 ಮೂರೂ ವರ್ಷ ತನ್ನ ಲೀಗಿನ ಬ್ಯಾಟಿಂಗ್ ಸರಾಸರಿಯಲ್ಲಿ (ಬ್ಯಾಟಿಂಗ್ ಅವಕಾಶಗಳಲ್ಲಿ ಎಷ್ಟರಲ್ಲಿ ಹಿಟ್ ಬಂತು ಅನ್ನುವ ಲೆಕ್ಕ) ಮೊದಲಿಗ, ಅದೂ ಮೂರು ಬೇರೆ ಬೇರೆ ತಂಡಗಳ ಪರವಾಗಿ.

ಎಲ್ಲರೂ ಅರಾಯೆಸ್ ಆಗಬೇಕು ಅಂತ ಹೇಳುತ್ತಿಲ್ಲ. ಅತಿಯಾಗಿ ಮೊಟಕು ಮಾಡಿದರೆ ಬಾಲ್ ಇನ್‌ಫೀಲ್ಡ್ ದಾಟುವುದಿಲ್ಲ. ನಮಗೆ ಬೇಕಾಗಿರುವುದು ಬೇಡದ ಸುತ್ತನ್ನು ಕತ್ತರಿಸುವುದು. ಸೊಂಟದ ತಿರುವು, ಕಾಲಿನ ಬಲ ಹಾಗೇ ಇರಬೇಕು.

ಹೆಜ್ಜೆ 1: ಈಗಿನ ಸ್ವಿಂಗ್ ಅಳೆಯಿರಿ

ಮೊಬೈಲ್ ಸಾಕು. ಸ್ಲೋ ಮೋಷನ್ ಇಟ್ಟು, ನೀವು ನಿಂತಾಗ ನಿಮ್ಮ ಎದೆಗೆ ಎದುರಾಗಿ, ಎದೆಯ ಎತ್ತರಕ್ಕೆ, ನಾಲ್ಕೈದು ಮೀಟರ್ ದೂರದಲ್ಲಿ ಗೆಳೆಯನ ಕೈಗೆ ಕೊಡಿ. ಟೀ ಮೇಲೆ, ಅಂದರೆ ಬಾಲ್ ಕೂರಿಸುವ ಕಂಬದ ಮೇಲೆ (ಮನೆಯಲ್ಲೇ ಮಾಡುವ ಬಗೆ ಹೆಜ್ಜೆ 7ರಲ್ಲಿದೆ), ಬಾಲ್ ಇಟ್ಟು ಹತ್ತು ಸಲ ಹೊಡೆಯಿರಿ. ಆಮೇಲೆ ಒಂದೊಂದೇ ಫ್ರೇಮ್ ಸರಿಸಿ ನೋಡಿ. ಕೈಗಳು ಮುಂದಕ್ಕೆ ಹೊರಟ ಮೊದಲ ಫ್ರೇಮ್‌ನಿಂದ ಬಾಲಿಗೆ ತಾಗಿದ ಫ್ರೇಮ್‌ವರೆಗೆ ಎಣಿಸಿ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಫೋನ್ ಆದರೆ 36 ಫ್ರೇಮ್ ಅಂದರೆ 0.15 ಸೆಕೆಂಡ್. 120ರ ಫೋನ್ ಆದರೆ 18 ಫ್ರೇಮ್. ಹೊಸಬರಿಗೆ 240ರಲ್ಲಿ 45, 48 ಬಂದರೆ ಗಾಬರಿ ಬೇಡ. ಆ ಸಂಖ್ಯೆ, ತಾರೀಖು ಎರಡನ್ನೂ ಬರೆದಿಡಿ.

ಅದೇ ವಿಡಿಯೊದಲ್ಲಿ ಮೂರು ವಿಷಯ ಹುಡುಕಿ. ಬ್ಯಾಟಿನ ತುದಿ ತಲೆಯ ಹಿಂದಕ್ಕೆ ಸುತ್ತಿಕೊಂಡು ಪಿಚರ್ ಕಡೆ ತಿರುಗಿದೆಯೇ? ಎಡಗೈ ಸೊಂಟ ತಿರುಗುವ ಮೊದಲೇ ಕೋಲಿನ ಹಾಗೆ ನೆಟ್ಟಗಾಗಿದೆಯೇ? ಎಡಗಾಲು ದೂರ ಹೋಗಿ ತಲೆ ಮುಂದಕ್ಕೆ ತೂಗಿದೆಯೇ? ಕ್ರಿಕೆಟ್‌ನಿಂದ ಬಂದವರಲ್ಲಿ ಮೂರನೆಯದು ಬಹುತೇಕ ಇದ್ದೇ ಇರುತ್ತದೆ. ಬಾಲಿನ ಪಿಚ್‌ಗೆ ಕಾಲು ಹಾಕುವ ಅಭ್ಯಾಸ, ಅಲ್ವಾ?

ಹೆಜ್ಜೆ 2: ಕೈಗೆ ತಕ್ಕ ಬ್ಯಾಟ್

ಆನ್‌ಲೈನ್‌ನಲ್ಲಿ "ಕಾರಿನಲ್ಲಿ ಇಟ್ಟುಕೊಳ್ಳಿ, ಆತ್ಮರಕ್ಷಣೆಗೆ" ಅಂತ ಮಾರುವ ಬೇಸ್‌ಬಾಲ್ ಬ್ಯಾಟ್‌ಗಳು ಆಟಕ್ಕಲ್ಲ. ಅಗ್ಗ ಅಂತ ತರಿಸಬೇಡಿ. ತೂಕ ಹದವಾಗಿರುವುದಿಲ್ಲ, ಹಿಡಿಕೆಯೂ ಆಟಕ್ಕೆ ಒಗ್ಗುವುದಿಲ್ಲ. ಜಲಂಧರ್, ಮೀರತ್‌ನಲ್ಲಿ ತಯಾರಾದ ಆಟದ ಬ್ಯಾಟುಗಳನ್ನು ಕ್ರೀಡಾ ಸಾಮಾನಿನ ಅಂಗಡಿಯವರು ಹೇಳಿದರೆ ತರಿಸಿಕೊಡುತ್ತಾರೆ.

ಕಾಲೇಜು ಹುಡುಗರಿಗೆ 32 ಇಂಚು ಉದ್ದ, 820 ಗ್ರಾಂ ಆಸುಪಾಸಿನ ತೂಕ ಒಳ್ಳೆಯ ಶುರುವಾತು. ಒಂದು ಒರಟು ಪರೀಕ್ಷೆ ಇದೆ. ಬ್ಯಾಟಿನ ಬುಡ ಹಿಡಿದು ಒಂದೇ ಕೈಯಲ್ಲಿ ಪಕ್ಕಕ್ಕೆ, ಭುಜದ ಮಟ್ಟಕ್ಕೆ ಚಾಚಿ. ಇಪ್ಪತ್ತು ಸೆಕೆಂಡಿನೊಳಗೆ ಕೈ ನಡುಗಿ ಕೆಳಗೆ ಬಂದರೆ ಬ್ಯಾಟ್ ನಿಮಗೆ ಭಾರ.

ತಂಡದ ಕಿಟ್‌ನಲ್ಲಿ ಇರುವುದೇ ಎರಡು ಬ್ಯಾಟ್, ಎರಡೂ ಭಾರ ಅಂದರೆ? ಬುಡದ ಗುಬುಟಿನಿಂದ ಒಂದೆರಡು ಇಂಚು ಮೇಲೆ ಹಿಡಿಯಿರಿ. ಇದೇ ಚೋಕ್ ಅಪ್. ತೂಕ ಅಷ್ಟೇ ಇದ್ದರೂ ಬ್ಯಾಟ್ ತಿರುಗಿಸುವುದು ಹಗುರವಾಗುತ್ತದೆ, ಏಕೆಂದರೆ ತುದಿಯ ಭಾರ ಕೈಗೆ ಹತ್ತಿರ ಬರುತ್ತದೆ. ಚೋಕ್ ಅಪ್ ಮಾಡಿದರೆ ಹೊಡೆತದ ಜೋರು ಹೋಗುತ್ತದೆ ಅನ್ನುವವರಿಗೆ ಒಂದು ಮಾತು: 2001ರಲ್ಲಿ ಒಂದೇ ಸೀಸನ್‌ನಲ್ಲಿ 73 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದ ಬ್ಯಾರಿ ಬಾಂಡ್ಸ್ ಬ್ಯಾಟನ್ನು ಮೇಲಕ್ಕೇ ಹಿಡಿಯುತ್ತಿದ್ದ. ಅವನ ಸುತ್ತಲಿನ ಉದ್ದೀಪನ ಮದ್ದಿನ ವಿವಾದ ಬೇರೆ ಮಾತು, ಹಿಡಿತ ಮಾತ್ರ ಕಲಿಯುವಂಥದ್ದು. ಎಂಟು ಸಲ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗನಾದ ಟೋನಿ ಗ್ವಿನ್ ಕೂಡ ಚಿಕ್ಕ, ಹಗುರ ಬ್ಯಾಟ್ ಇಷ್ಟಪಡುತ್ತಿದ್ದವನೇ.

ಹೆಜ್ಜೆ 3: ಹಿಡಿತ

ಕ್ರಿಕೆಟ್‌ನಲ್ಲಿ ನಿಮ್ಮ ಕೆಳಗೈ ಯಾವುದೋ ಇಲ್ಲಿ ಅದೇ ಮೇಲಿನ ಕೈ. ಬ್ಯಾಟ್ ತಲೆಕೆಳಗಾಗಿದೆ ಅಷ್ಟೇ, ಬಲಗೈ ಬ್ಯಾಟಿನ ದಪ್ಪ ಭಾಗದ ಕಡೆ ಇರುತ್ತದೆ. ಬ್ಯಾಟನ್ನು ಅಂಗೈಯ ನಡುವೆ ಅದುಮಿ ಹಿಡಿಯಬೇಡಿ, ಬೆರಳುಗಳ ಬುಡದಲ್ಲಿ ಕೂರಿಸಿ. ಬಾಗಿಲು ತಟ್ಟಲು ಬಳಸುವ ಗೆಣ್ಣುಗಳು ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರಲಿ. ಬಿಗಿ ಹಿಡಿದರೆ ಮಣಿಕಟ್ಟು, ಮೊಣಕೈ, ಭುಜ ಎಲ್ಲ ಸೆಟೆದುಕೊಳ್ಳುತ್ತವೆ. ಬಾಲ್ ಬರುವವರೆಗೆ ಸಡಿಲವಾಗಿರಿ, ಹೊಡೆಯುವಾಗ ಕೈ ತಾನೇ ಬಿಗಿಯುತ್ತದೆ.

ಹೆಜ್ಜೆ 4: ನಿಲುವು

ಕಾಲುಗಳು ಭುಜಕ್ಕಿಂತ ತುಸು ಅಗಲ. ಮೊಣಕಾಲು ಸ್ವಲ್ಪ ಬಾಗಿರಲಿ, ಭಾರ ಹಿಮ್ಮಡಿಯ ಮೇಲೆ ಬೇಡ. ಕೈಗಳು ಬಲಭುಜದ ಎತ್ತರಕ್ಕೆ, ಎದೆಯಿಂದ ಒಂದು ಗೇಣಿನೊಳಗೆ. ಬ್ಯಾಟ್ ಭುಜದ ಮೇಲೆ ಓರೆಯಾಗಿ ಮೇಲಕ್ಕೆ ನಿಂತಿರಲಿ. ಟಿವಿಯಲ್ಲಿ ಕೆಲವರು ಬ್ಯಾಟನ್ನು ಆಕಾಶಕ್ಕೆ ಎತ್ತಿ ಗರಗರ ತಿರುಗಿಸುವುದನ್ನು ನೋಡಿರುತ್ತೀರಿ. ಅವರು ಬಾಲ್ ಬಿಡುವ ಹೊತ್ತಿಗೆ ಸರಿಯಾದ ಜಾಗಕ್ಕೆ ಬಂದುಬಿಟ್ಟಿರುತ್ತಾರೆ. ನಾವು ಮೊದಲೇ ಆ ಜಾಗದಲ್ಲಿ ಇಟ್ಟುಬಿಡೋಣ.

ಎರಡೂ ಕಣ್ಣು ಪಿಚರ್ ಕಡೆ ಇರಬೇಕು. ಗಲ್ಲ ಎಡಭುಜದ ಹತ್ತಿರ ಬರಲಿ. ಒಂದೇ ಕಣ್ಣಲ್ಲಿ ನೋಡುತ್ತಿದ್ದೀರಾ ಅಂತ ಪರೀಕ್ಷಿಸಲು ಎಡಗಣ್ಣು ಮುಚ್ಚಿ ನೋಡಿ. ಬಲಗಣ್ಣಿಗೂ ಪಿಚರ್ ಪೂರ್ತಿ ಕಾಣಬೇಕು, ಮೂಗು ಅಡ್ಡ ಬರಬಾರದು.

ಹೆಜ್ಜೆ 5: ಹಿಂದಕ್ಕೆ ಸ್ವಲ್ಪ, ಮುಂದಕ್ಕೆ ಸ್ವಲ್ಪ

ಪಿಚರ್ ಕೈ ಹಿಂದಕ್ಕೆ ಹೋದಾಗ ನಿಮ್ಮ ಕೈಗಳೂ ಎರಡು ಮೂರು ಇಂಚು ಹಿಂದಕ್ಕೆ ಹೋಗಲಿ, ಭಾರ ಬಲಗಾಲಿನ ಒಳಭಾಗಕ್ಕೆ ಬೀಳಲಿ. ಇದಕ್ಕೆ ಲೋಡ್ ಅನ್ನುತ್ತಾರೆ. ಎಡ ಮೊಣಕೈ ಬಾಗಿಯೇ ಇರಬೇಕು. ಎಡಗಾಲು ನಾಲ್ಕೈದು ಇಂಚು ಮಾತ್ರ ಮುಂದೆ, ಮೊದಲು ಬೆರಳು ಊರಲಿ, ಹಿಮ್ಮಡಿ ಆಮೇಲೆ. ಬಾಲ್ ಅರ್ಧ ದಾರಿ ಬರುವಷ್ಟರಲ್ಲಿ ಕಾಲು ಊರಿರಬೇಕು. ಕಾಲು ಗಾಳಿಯಲ್ಲಿರುವಾಗ ಸೊಂಟ ತಿರುಗುವುದಿಲ್ಲ, ಆಗ ಕೆಲಸವೆಲ್ಲ ಕೈಗಳ ಮೇಲೆ ಬೀಳುತ್ತದೆ.

ಎಷ್ಟು ಹೇಳಿದರೂ ಕಾಲು ದೂರ ಹೋಗುತ್ತಿದ್ದರೆ ಒಂದು ತಿಂಗಳು ಹೆಜ್ಜೆಯನ್ನೇ ಬಿಟ್ಟುಬಿಡಿ. ಕಾಲು ಅಗಲ ಮಾಡಿ ನಿಂತು, ಎಡ ಹಿಮ್ಮಡಿಯನ್ನು ಎತ್ತಿ ಅಲ್ಲೇ ಊರಿ ಹೊಡೆಯಿರಿ. ಕ್ರಿಕೆಟಿಗರಿಗೆ ಇದಕ್ಕಿಂತ ಒಳ್ಳೆಯ ಔಷಧಿ ನಾನು ಕಂಡಿಲ್ಲ.

ಹೆಜ್ಜೆ 6: ತಿರುವು. ಎಲ್ಲ ಇರುವುದು ಇಲ್ಲೇ

ಕ್ರಮ ಹೀಗೆ: ಎಡ ಹಿಮ್ಮಡಿ ಊರುತ್ತದೆ, ಸೊಂಟ ತೆರೆಯುತ್ತದೆ, ಅದರ ಹಿಂದೆ ಎದೆ, ಅದರ ಹಿಂದೆ ಕೈಗಳು, ಎಲ್ಲಕ್ಕೂ ಕೊನೆಗೆ ಬ್ಯಾಟಿನ ದಪ್ಪ ಭಾಗ. ಸೊಂಟ ತೆರೆಯುವಾಗ ಭುಜ ಒಂದು ಕ್ಷಣ ಹಿಂದೆಯೇ ಉಳಿಯಬೇಕು. ಹೊಟ್ಟೆಯ ಪಕ್ಕದ ಸ್ನಾಯು ಎಳೆದಂತೆ ಆಗುತ್ತದೆ. ವೇಗ ಹುಟ್ಟುವುದು ಆ ಎಳೆತದಿಂದ.

ಈಗ ಕೈಗಳ ವಿಷಯ. ಬಲ ಮೊಣಕೈ ಕೆಳಗಿಳಿದು ಪಕ್ಕೆಲುಬಿನ ಹತ್ತಿರ ಬರಬೇಕು. ಬ್ಯಾಟಿನ ಬುಡದ ಗುಬುಟು ಬಾಲಿನ ಒಳಮಗ್ಗುಲಿಗೆ, ಅಂದರೆ ನಿಮಗೆ ಹತ್ತಿರದ ಮಗ್ಗುಲಿಗೆ, ಮುಖ ಮಾಡಿ ಹೊರಡಬೇಕು. ಬ್ಯಾಟಿನ ತುದಿ ಆಗ ನಿಮ್ಮ ಹಿಂದೆ, ಬಲಭುಜಕ್ಕೆ ಹತ್ತಿರ ಇರುತ್ತದೆ. ದೇಹ ತಿರುಗಿದಂತೆ ಅದು ತಾನೇ ಹೊರಗೆ ಚಿಮ್ಮುತ್ತದೆ. ಭಾರದ ತುದಿ ದೇಹದ ಹತ್ತಿರ ಇರುವಷ್ಟು ಹೊತ್ತು ತಿರುಗುವುದು ಸುಲಭ. ಮೊದಲೇ ಹೊರಗೆ ಹೋದರೆ ಇಡೀ ದೇಹ ಅದನ್ನು ಎಳೆದುಕೊಂಡು ಬರಬೇಕಾಗುತ್ತದೆ. ಚಿನ್ನಿದಾಂಡು ಆಡಿದವರಿಗೆ ಇದು ಗೊತ್ತು: ಎಗರಿಸಿದ ಚಿನ್ನಿಯನ್ನು ಗಾಳಿಯಲ್ಲಿ ಹೊಡೆಯುವಾಗ ಯಾರೂ ದಾಂಡನ್ನು ಬೆನ್ನ ಹಿಂದಿನಿಂದ ಬೀಸಿ ತರುವುದಿಲ್ಲ, ಮೊಣಕೈ ಮಡಚಿಯೇ ಇರುತ್ತದೆ.

ಧಾರವಾಡದ ಒಂದು ಕಾಲೇಜು ಮೈದಾನದಲ್ಲಿ ಕಂಡದ್ದು ಹೇಳುತ್ತೇನೆ. ಎತ್ತರದ ಹುಡುಗ, ಒಳ್ಳೆಯ ಭುಜ. ಟೀ ಮೇಲಿನ ಬಾಲನ್ನು ಹೊಡೆದಾಗಲೆಲ್ಲ ಅದು ಎಡಗಡೆ ಉರುಳುತ್ತಿತ್ತು. ಕೋಚ್ ಏನೂ ತಿದ್ದಲು ಹೋಗಲಿಲ್ಲ. ಒಂದು ಸಣ್ಣ ಟವೆಲ್ ಮಡಚಿ ಅವನ ಬಲ ಕಂಕುಳಿಗೆ ಸಿಕ್ಕಿಸಿದರು. "ತಮ್ಮಾ, ಬಾಲ್ ಹೋದ ಮ್ಯಾಲೆ ಟವೆಲ್ ಬೀಳಲಿ. ಅದಕ್ಕಿಂತ ಮೊದಲು ಬೀಳಬಾರ್ದು." ಮೊದಲ ಕೆಲವು ಸಲ ಸ್ವಿಂಗ್ ಶುರುವಾಗುವ ಮೊದಲೇ ಟವೆಲ್ ನೆಲಕ್ಕೆ ಬಿತ್ತು. ಆಮೇಲೆ ಹುಡುಗ ಕೈಯ ಜೋರು ಬಿಟ್ಟು ಸೊಂಟದಿಂದ ತಿರುಗಲು ಶುರು ಮಾಡಿದ. ಬಾಲಿನ ಸದ್ದೇ ಬದಲಾಯಿತು. ಟಪ್ ಅನ್ನುತ್ತಿದ್ದದ್ದು ಟಣ್ ಅಂದು, ಬಾಲ್ ನೇರ ನೆಟ್‌ನ ನಡುಮಧ್ಯಕ್ಕೆ ಹೋಯಿತು.

ತಾಗುವ ಕ್ಷಣದಲ್ಲಿ ಬಲ ಅಂಗೈ ಆಕಾಶ ನೋಡುತ್ತಿರಬೇಕು, ಎಡ ಅಂಗೈ ನೆಲ. ಬಲ ಮೊಣಕೈ ಇನ್ನೂ ಮಡಚಿರುತ್ತದೆ. ಎಡ ಮೊಣಕಾಲು ಗಟ್ಟಿಯಾಗಿ ನಿಂತಿರುತ್ತದೆ. ಕೈಗಳು ಪೂರ್ತಿ ಚಾಚುವುದು ಬಾಲ್ ಹೋದ ಮೇಲೆ. ಮಣಿಕಟ್ಟು ಮಗುಚುವುದೂ ಆಮೇಲೆಯೇ. ಮೊದಲೇ ಮಗುಚಿದರೆ ಬಾಲ್ ನೆಲಕ್ಕೆ ಉರುಳುತ್ತದೆ.

ಇಲ್ಲೊಂದು ತಪ್ಪು ಸಲಹೆ ಬಹಳ ಓಡಾಡುತ್ತಿದೆ: "ಚಿಕ್ಕ ಸ್ವಿಂಗ್ ಬೇಕಾದರೆ ಮೇಲಿನಿಂದ ಕೆಳಕ್ಕೆ ಕಡಿ." ಕೊಡಲಿ ಹಾಕುವ ಹಾಗೆ ಕಡಿದರೆ ದಾರಿ ಚಿಕ್ಕದಾಗುವುದು ನಿಜ, ಆದರೆ ಬ್ಯಾಟ್ ಮತ್ತು ಬಾಲ್ ಸೇರುವುದು ಒಂದೇ ಒಂದು ಬಿಂದುವಿನಲ್ಲಿ. ಪಿಚರ್ ಎತ್ತರದ ದಿಬ್ಬದಿಂದ ಎಸೆಯುವುದರಿಂದ ಬಾಲ್ ಕೆಳಮುಖವಾಗಿ ಬರುತ್ತದೆ. ಬ್ಯಾಟ್ ಆ ದಾರಿಗೆ ಎದುರಾಗಿ ತುಸು ಮೇಲ್ಮುಖವಾಗಿ ಹೋದರೆ ಎರಡೂ ಜಾಸ್ತಿ ಹೊತ್ತು ಒಂದೇ ಗೆರೆಯಲ್ಲಿ ಇರುತ್ತವೆ. 1941ರಲ್ಲಿ .406 ಸರಾಸರಿ ಮಾಡಿದ ಟೆಡ್ ವಿಲಿಯಮ್ಸ್ ಹೇಳುತ್ತಿದ್ದದ್ದೂ ಇದನ್ನೇ. ಹಾಗಾಗಿ ಕೈಗಳ ದಾರಿ ಚಿಕ್ಕದಿರಲಿ, ಬ್ಯಾಟಿನ ದಪ್ಪ ಭಾಗ ಬಾಲಿನ ಗೆರೆಯಲ್ಲಿ ಉದ್ದಕ್ಕೆ ಇರಲಿ. ಎರಡನ್ನೂ ಕಲಸಬೇಡಿ.

ಹೆಜ್ಜೆ 7: ಡ್ರಿಲ್‌ಗಳು, ಮನೆಯಲ್ಲೇ ಸಿಗುವ ಸಾಮಾನಿನಲ್ಲಿ

ಟೀ ಕೊಳ್ಳಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಿಂಚಿನ ಪಿವಿಸಿ ಪೈಪ್, ಎರಡು ಟಿ ಜಾಯಿಂಟ್, ತಳಕ್ಕೆ ಅಡ್ಡ ತುಂಡುಗಳು ತಗೊಳ್ಳಿ. ಮೇಲ್ತುದಿಗೆ ವಾಷಿಂಗ್ ಮಷಿನ್‌ನ ನೀರು ಹೋಗುವ ಸುಕ್ಕು ಪೈಪಿನ ಒಂದು ತುಂಡು ಸಿಕ್ಕಿಸಿದರೆ ಬಾಲ್ ಚೆನ್ನಾಗಿ ಕೂರುತ್ತದೆ, ಬ್ಯಾಟ್ ತಾಗಿದರೂ ಬಾಗುತ್ತದೆ. ತಳದ ಪೈಪಿಗೆ ಮರಳು ತುಂಬಿ. ಮೊಣಕಾಲು, ಸೊಂಟ, ಎದೆ ಮೂರೂ ಎತ್ತರಕ್ಕೆ ಬೇರೆ ಬೇರೆ ತುಂಡು ಕತ್ತರಿಸಿಟ್ಟುಕೊಳ್ಳಿ. ಎದುರಿಗೆ ನೆಟ್ ಇಲ್ಲದಿದ್ದರೆ ಗೋಣಿಚೀಲಗಳನ್ನು ಹೊಲಿದು ಪರದೆ ಮಾಡಿ ತೂಗುಹಾಕಿ. ಅಮರಗೋಳದ ಎಪಿಎಂಸಿ ಕಡೆ ಹಳೆ ಚೀಲಕ್ಕೆ ಬರವಿಲ್ಲ. ಬ್ಯಾಡಗಿ ಮೆಣಸಿನಕಾಯಿ ತುಂಬಿದ್ದ ಚೀಲ ಮಾತ್ರ ಬೇಡ. ಒಂದು ಬಾಲ್ ತಗುಲಿದರೂ ಸಾಕು, ಸೀನಿ ಸೀನಿ ಸುಸ್ತಾಗುತ್ತೀರಿ.

ಬೇಲಿ ಡ್ರಿಲ್: ಬ್ಯಾಟಿನ ಬುಡವನ್ನು ಹೊಕ್ಕುಳಿಗೆ ಇಟ್ಟು, ತುದಿ ನೆಟ್ ಅಥವಾ ಗೋಣಿ ಪರದೆಗೆ ತಾಗುವಷ್ಟು ದೂರ ನಿಲ್ಲಿ. ಈಗ ಬಾಲ್ ಇಲ್ಲದೆ ಪರದೆಗೆ ತಾಗದಂತೆ ಸ್ವಿಂಗ್ ಮಾಡಿ. ಕೈ ಚಾಚಿದರೆ ಬ್ಯಾಟ್ ಪರದೆಗೆ ಬಡಿಯುತ್ತದೆ. ಗೋಡೆ ಎದುರು ಮಾತ್ರ ಮಾಡಬೇಡಿ, ಬ್ಯಾಟೂ ಹೋಗುತ್ತದೆ, ಮಣಿಕಟ್ಟೂ ಹೋಗುತ್ತದೆ. ಮೊದಲ ವಾರ ಒಂದು ಗೇಣು ಹಿಂದೆ ನಿಂತು, ಆಮೇಲೆ ಹತ್ತಿರ ಬನ್ನಿ.

ಎದೆ ಎತ್ತರದ ಟೀ: ಬಾಲನ್ನು ಎದೆ ಮಟ್ಟಕ್ಕೆ ಇಟ್ಟು ನೇರ ಹೊಡೆಯಿರಿ. ಕೈ ಕೆಳಗೆ ಬಿದ್ದು ಸುತ್ತು ಹಾಕಿದರೆ ಬ್ಯಾಟ್ ಪೈಪಿಗೆ ಬಡಿಯುತ್ತದೆ. ತಪ್ಪನ್ನು ಪೈಪೇ ಹೇಳುತ್ತದೆ.

ಒಳಗಿನ ಬಾಲ್ ಮಧ್ಯಕ್ಕೆ: ಟೀಯನ್ನು ಪ್ಲೇಟಿನ ಒಳ ಅಂಚಿಗೆ ಇಡಿ. ಬಾಲನ್ನು ಎಡಗಡೆ ಎಳೆಯದೆ, ಪಿಚರ್ ನಿಲ್ಲುವ ಕಡೆಗೆ, ಅವನ ತಲೆಯ ಮೇಲಿಂದ ದಾಟುವಂತೆ ಹೊಡೆಯಬೇಕು. ಕೈಗಳು ದೇಹಕ್ಕೆ ಅಂಟಿಕೊಂಡು ಬಾರದಿದ್ದರೆ ಇದು ಸಾಧ್ಯವೇ ಇಲ್ಲ. ನನ್ನ ಪ್ರಕಾರ ಎಲ್ಲ ಡ್ರಿಲ್‌ಗಳಲ್ಲಿ ಇದೇ ರಾಜ. ಸಮಯ ಕಡಿಮೆ ಇದ್ದ ದಿನ ಇದೊಂದನ್ನೇ ಮಾಡಿ.

ಬಲಗೈ ಒಂದೇ: ಬ್ಯಾಟನ್ನು ಅರ್ಧಕ್ಕೆ ಹಿಡಿದು, ಅಥವಾ ಹಗುರವಾದ ಮರದ ತುಂಡಿನಲ್ಲಿ, ಬರೀ ಬಲಗೈಯಿಂದ ಹೊಡೆಯಿರಿ. ಎಡಗೈ ಎದೆ ಮೇಲೆ. ಹತ್ತು ಸಲ ಸಾಕು.

ಕ್ಯಾನ್ ಮುಚ್ಚಳ: ಡೊಮಿನಿಕನ್ ರಿಪಬ್ಲಿಕ್‌ನ ಬೀದಿಗಳಲ್ಲಿ ಹುಡುಗರು ನೀರಿನ ಕ್ಯಾನಿನ ಮುಚ್ಚಳವನ್ನು ಬಾಲ್ ಮಾಡಿಕೊಂಡು, ಕಸಬರಿಗೆ ಕೋಲನ್ನು ಬ್ಯಾಟ್ ಮಾಡಿಕೊಂಡು ವಿಟಿಯಾ ಅನ್ನುವ ಆಟ ಆಡುತ್ತಾರೆ. ಆ ದೇಶದಿಂದ ಮೇಜರ್ ಲೀಗ್‌ಗೆ ಎಷ್ಟು ಬ್ಯಾಟರ್‌ಗಳು ಬರುತ್ತಾರೆ ನೋಡಿ. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಹುಬ್ಬಳ್ಳಿಯ ಓಣಿಗಳಲ್ಲಿ 20 ಲೀಟರ್ ಕ್ಯಾನಿನ ಮುಚ್ಚಳಕ್ಕೇನು ಕಡಿಮೆ? ಗೆಳೆಯ ಆರೇಳು ಮೀಟರ್ ದೂರದಿಂದ ಮುಚ್ಚಳ ತಿರುಗಿಸಿ ಎಸೆಯಲಿ. ಅದು ಕೊನೆಗೆ ಸೊಟ್ಟಗೆ ಹೋಗುತ್ತದೆ. ಕೋಲು ಸಣ್ಣ, ಮುಚ್ಚಳ ಸಣ್ಣ, ಕಾಯದೆ ಬೇರೆ ದಾರಿಯೇ ಇಲ್ಲ. ಕಣ್ಣಿಗೆ ಕನ್ನಡಕ ಅಥವಾ ಹೆಲ್ಮೆಟ್ ಇರಲಿ.

ಮಳೆಗಾಲದಲ್ಲಿ ಧಾರವಾಡದ ಜಿಟಿಜಿಟಿ ನಿಲ್ಲುವುದೇ ಇಲ್ಲ. ಗದಗ, ನವಲಗುಂದ ಕಡೆಯ ಎರೆಮಣ್ಣಂತೂ ಬೂಟಿಗೆ ಹತ್ತಿ ಕಾಲು ಎತ್ತಲು ಬಿಡುವುದಿಲ್ಲ. ಆಗ ಹಳೆ ಕಾಲ್ಚೀಲಗಳನ್ನು ಉಂಡೆ ಕಟ್ಟಿ, ಮನೆಯ ಪಡಸಾಲೆಯಲ್ಲಿ ಹಗ್ಗಕ್ಕೆ ಹಾಕಿದ ಚಾದರಕ್ಕೆ ಹೊಡೆಯಿರಿ. ಅವ್ವನ ಅನುಮತಿ ತಗೊಂಡು.

ಹೆಜ್ಜೆ 8: ಈಗ ಜೋರು ಮಾಡಿ

ದಾರಿ ಸರಿಯಾದ ಮೇಲೆ, ಅಂದರೆ ಮೂರು ನಾಲ್ಕು ವಾರದ ನಂತರ, ವೇಗದ ತಾಲೀಮು ಶುರು. ಅದಕ್ಕೆ ಮೊದಲು ಬೇಡ. ಸೊಟ್ಟ ಸ್ವಿಂಗನ್ನೇ ಜೋರು ಮಾಡಿದಂತಾಗುತ್ತದೆ. ವಾರಕ್ಕೆ ಎರಡು ದಿನ ಸಾಕು. ಐದು ಸ್ವಿಂಗ್ ಪೂರ್ತಿ ಶಕ್ತಿಯಿಂದ, ಆಮೇಲೆ ಒಂದು ನಿಮಿಷ ವಿಶ್ರಾಂತಿ. ಹೀಗೆ ಐದಾರು ಸಲ. ಸುಸ್ತಾದ ಮೇಲೆ ಮಾಡುವ ಸ್ವಿಂಗ್ ವೇಗ ಕಲಿಸುವುದಿಲ್ಲ, ನಿಧಾನ ಕಲಿಸುತ್ತದೆ. ನೂರಿನ್ನೂರು ಸಲ ಬೀಸಿ ಬೆವರು ಸುರಿಸಿದರೆ ಕೋಚ್‌ಗೆ ಖುಷಿಯಾಗಬಹುದು, ಬ್ಯಾಟಿಗೆ ಅಲ್ಲ.

ಮೂರು ತೂಕದ ಬ್ಯಾಟ್ ಬಳಸಬಹುದು: ನಿಮ್ಮದು, ಅದಕ್ಕಿಂತ ಸುಮಾರು ಶೇ. 20 ಹಗುರವಾದದ್ದು, ಶೇ. 20 ಭಾರವಾದದ್ದು. ಹಗುರಕ್ಕೆ ಸಬ್ ಜೂನಿಯರ್ ಬ್ಯಾಟ್ ಆಗುತ್ತದೆ. ಬ್ಯಾಟಿಗೆ ಕಲ್ಲು, ಒದ್ದೆ ಬಟ್ಟೆ ಕಟ್ಟುವ ಸಾಹಸ ಬೇಡ, ಕಳಚಿ ಹಾರಿದರೆ ಯಾರದಾದರೂ ಹಲ್ಲು ಹೋಗುತ್ತದೆ. 14 ವರ್ಷದೊಳಗಿನ ಮಕ್ಕಳಿಗೆ ಭಾರದ ಬ್ಯಾಟ್ ಕೊಡಲೇಬೇಡಿ. ಬ್ಯಾಟಿಂಗ್‌ಗೆ ಇಳಿಯುವ ಮುನ್ನ ಬ್ಯಾಟಿಗೆ ಭಾರದ ಉಂಗುರ ಹಾಕಿ ಬೀಸುವ ರೂಢಿಯೂ ಇದೆ. ಆಮೇಲೆ ಬ್ಯಾಟ್ ಹಗುರ ಅನ್ನಿಸುತ್ತದೆ ನಿಜ, ಆದರೆ ಅಳೆದು ನೋಡಿದಾಗ ವೇಗ ಹೆಚ್ಚಿರುವುದಿಲ್ಲ. ನಿಮ್ಮ ಬ್ಯಾಟನ್ನೇ ನಾಲ್ಕು ಸಲ ಬೀಸಿ ಒಳಗೆ ಹೋಗಿ.

ದೇಹಕ್ಕೆ: ಎರಡು ಕೆಜಿ ಮರಳು ತುಂಬಿದ ಗಟ್ಟಿ ಬಟ್ಟೆ ಚೀಲವನ್ನು ಎರಡೂ ಕೈಯಲ್ಲಿ ಸೊಂಟದ ಹತ್ತಿರ ಹಿಡಿದು, ಪಕ್ಕಕ್ಕೆ ತಿರುಗಿ ಗೋಡೆಗೆ ಎಸೆಯಿರಿ. ಎರಡೂ ಕಡೆಗೆ ಎಂಟೆಂಟು. ನಮ್ಮ ಕಡೆ ಗರಡಿಮನೆಗೆ ಹೋಗುವ ಹುಡುಗರೂ ಇದ್ದಾರೆ. ಸಾಮು, ಬೈಠಕ್ ಮಾಡಿ, ಕಾಲಿಗೆ ಬಹಳ ಒಳ್ಳೆಯದು. ಗದೆ ತಿರುಗಿಸುವುದರಿಂದ ಭುಜ ಗಟ್ಟಿಯಾಗುತ್ತದೆ, ಆದರೆ ಬ್ಯಾಟಿಂಗ್ ಅಭ್ಯಾಸದ ದಿನವೇ ಗದೆ ಬೇಡ. ಅದರ ದೊಡ್ಡ ಸುತ್ತು ಕೈಗೆ ಹತ್ತಿಬಿಡುತ್ತದೆ.

ಹೆಜ್ಜೆ 9: ಓಡುವ ಬಾಲಿಗೆ

ಟೀ ಮೇಲೆ ಎಲ್ಲರೂ ಶೂರರು. ಮುಂದಿನದು ಮುಂಭಾಗದ ಟಾಸ್: ಗೆಳೆಯ ಆರು ಮೀಟರ್ ದೂರದಲ್ಲಿ, ಗಟ್ಟಿ ನೆಟ್‌ನ ಮರೆಯಲ್ಲಿ ಕೂತು ಕೆಳಗೈಯಲ್ಲಿ ಎಸೆಯಲಿ. ನೆಟ್ ಇಲ್ಲದಿದ್ದರೆ ಗಟ್ಟಿ ಬಾಲ್ ಬೇಡ, ಟೆನಿಸ್ ಬಾಲ್ ಸಾಕು. ಆಮೇಲೆ 10, 12 ಮೀಟರ್‌ನಿಂದ ಮೇಲ್ಗೈ ಎಸೆತ. ದೂರ ಕಡಿಮೆ ಮಾಡಿದರೆ ನಿಧಾನದ ಬಾಲೂ ವೇಗದ ಬಾಲಿನಷ್ಟೇ ಬೇಗ ಬರುತ್ತದೆ: 10 ಮೀಟರ್ ದೂರದಿಂದ 70 ಕಿಲೋಮೀಟರ್ ವೇಗದ ಎಸೆತಕ್ಕೆ ಅರ್ಧ ಸೆಕೆಂಡ್ ಹಿಡಿಯುತ್ತದೆ. ಜೋರಾಗಿ ಎಸೆಯುವವರು ಸಿಗದ ಊರಿನಲ್ಲಿ ಇದೊಂದು ಒಳ್ಳೆಯ ಉಪಾಯ.

ಇಲ್ಲಿ ಮನಸ್ಸಿನ ಕೆಲಸವೂ ಇದೆ. "ಒಳ್ಳೆ ಬಾಲ್ ಆದರೆ ಹೊಡೆಯೋಣ" ಅಂತ ನಿಂತರೆ ತಡವಾಗುತ್ತದೆ. ಪ್ರತಿ ಬಾಲಿಗೂ ಹೊಡೆಯುತ್ತೇನೆ ಅಂತಲೇ ಲೋಡ್ ಮಾಡಿ, ಕಾಲು ಊರಿ. ಬಾಲ್ ಕೆಟ್ಟದ್ದಾದರೆ ಕೈ ತಡೆಯಿರಿ. ಚಿಕ್ಕ ಸ್ವಿಂಗ್‌ನ ಇನ್ನೊಂದು ಲಾಭ ಇದೇ, ತಡೆಯುವುದೂ ಸುಲಭ.

ಹುಬ್ಬಳ್ಳಿಯ ನೆಹರೂ ಮೈದಾನದಂಥ ಕಡೆ ಬೆಳಿಗ್ಗೆ ನಡೆಯುವವರು, ಕ್ರಿಕೆಟ್ ಆಡುವವರು, ಸೈಕಲ್ ಕಲಿಯುವ ಮಕ್ಕಳು ಎಲ್ಲ ಒಟ್ಟಿಗೆ ಇರುತ್ತಾರೆ. ಬೀಸುವ ಮೊದಲು ಹಿಂದೆ ಮುಂದೆ ನೋಡಿ. ಬೇಸ್‌ಬಾಲ್ ತೂಕ 142ರಿಂದ 149 ಗ್ರಾಂ, ಟೆನಿಸ್ ಬಾಲ್ ಅಲ್ಲ.

ವಾರಕ್ಕೆ ನಾಲ್ಕು ದಿನ, ದಿನಕ್ಕೆ 80ರಿಂದ 100 ಸ್ವಿಂಗ್, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಟೀ ಮೇಲೆ. ಆರು ವಾರ ಆದ ಮೇಲೆ ಅದೇ ಫೋನ್, ಅದೇ ಜಾಗ, ಅದೇ ಬ್ಯಾಟ್ ಇಟ್ಟು ಮತ್ತೆ ಹತ್ತು ಸ್ವಿಂಗ್ ಚಿತ್ರೀಕರಿಸಿ. 240ರ ಫೋನ್‌ನಲ್ಲಿ ನಾಲ್ಕೈದು ಫ್ರೇಮ್ ಇಳಿದಿದ್ದರೆ ಅದು ಸುಮಾರು 0.02 ಸೆಕೆಂಡ್, ಮೇಲೆ ಹೇಳಿದ ಎರಡು ಅಡಿ. ಏನೂ ಇಳಿದಿಲ್ಲ ಅಂದರೆ ಮೊದಲು ಬ್ಯಾಟಿನ ತೂಕ ನೋಡಿ, ಆಮೇಲೆ ಎಡಗಾಲು ಊರುವ ಸಮಯ. ಕೈಗಳ ತಂಟೆಗೆ ಕೊನೆಗೆ ಹೋಗಿ.